ಉದುರಲೊಲ್ಲದ ಎಲೆ

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ. ವಯಸ್ಸಾದವರನ್ನು ಕಂಡು ನಗುವ ಹುಡುಗರಿಗೆ ಬುದ್ಧಿ ಹೇಳೋಕೆ ನಾವು ಈ ಗಾದೆ ಬಳಸುತ್ತೇವೆ. ನಾಳೆ ನೀನೂ ಹಣ್ಣಾಗ್ತೀಯ, ನೀನೂ ಉದುರ್ತೀಯ ಅಂತ. ಸರಿಯೇ. ಆದರೆ ಗಾದೆ ಮಾಡಿದವರು ಒಂದು ಸಾಧ್ಯತೆಯನ್ನು ಯೋಚಿಸಿರಲಿಲ್ಲ ಅನ್ಸುತ್ತೆ. ಹಣ್ಣೆಲೆ ಉದುರುವುದೇ ಇಲ್ಲ ಅಂತ ಹಟ ಹಿಡಿದು ಕೂತರೆ?

ನಮ್ಮ ರಕ್ತದಲ್ಲಿ ಒಮ್ಮೊಮ್ಮೆ ಹಾಗಾಗುತ್ತದೆ. ಆಗ ಬರುವ ಕಾಯಿಲೆಗಳಲ್ಲಿ ಒಂದರ ಹೆಸರು ಲ್ಯುಕೇಮಿಯಾ. ರಕ್ತದ ಕ್ಯಾನ್ಸರ್ ಅಂದರೆ "ಬಿಳಿ ರಕ್ತಕಣಗಳು ವಿಪರೀತ ಹುಟ್ಟಿಬಿಡೋದು" ಅಂತಲೇ ನಾವೆಲ್ಲ ಶಾಲೆಯಲ್ಲಿ ಓದಿದ್ದು. ಹುಟ್ಟು ಜಾಸ್ತಿಯಾದರೆ ಗುಂಪು ಬೆಳೆಯುತ್ತದೆ, ನಿಜ. ಸಾವು ಕಡಿಮೆಯಾದರೂ ಗುಂಪು ಬೆಳೆಯುತ್ತದಲ್ಲ! ಇಷ್ಟು ಸರಳ ಲೆಕ್ಕವನ್ನು ವಿಜ್ಞಾನ ಒಪ್ಪಿಕೊಳ್ಳೋಕೆ ನೂರ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ಕಥೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ.

ಬಿಳಿ ರಕ್ತ

1845ರಲ್ಲಿ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಶೋ, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಬಗೆಯ ರೋಗಿಗಳ ಬಗ್ಗೆ ಬರೆದರು. ಸತ್ತವರ ರಕ್ತ ಬಿಳಿಚಿಕೊಂಡಿತ್ತು. ಬೆನೆಟ್‌ಗೆ ಅದು ರಕ್ತದಲ್ಲಿ ಕೀವು ತುಂಬಿದ ಹಾಗೆ ಕಂಡಿತು. ವಿರ್ಶೋ ಮಾತ್ರ ಇದು ಕೀವಲ್ಲ, ರಕ್ತದ್ದೇ ಬಿಳಿ ಕಣಗಳು ಅಂದರು. ಎರಡು ವರ್ಷ ಬಿಟ್ಟು 1847ರಲ್ಲಿ ಗ್ರೀಕ್ ಪದಗಳನ್ನು ಜೋಡಿಸಿ ಲ್ಯುಕೇಮಿಯಾ ಅಂತ ಹೆಸರಿಟ್ಟರು. ಅರ್ಥ ಬಿಳಿ ರಕ್ತ ಅಂತಲೇ.

ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಹುಟ್ಟಿನ ಮೇಲೆ. ಈ ಕಣಗಳು ಯಾಕೆ ಇಷ್ಟೊಂದು ಹುಟ್ಟುತ್ತವೆ? ಹುಟ್ಟನ್ನು ಹೇಗೆ ನಿಲ್ಲಿಸೋದು? 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಬಂದ ಮಕ್ಕಳಿಗೆ ಅಮೈನಾಪ್ಟರಿನ್ ಕೊಟ್ಟು ತಾತ್ಕಾಲಿಕವಾಗಿಯಾದರೂ ಕಾಯಿಲೆ ಇಳಿಸಿದ್ದು ಈ ದಾರಿಯಲ್ಲೇ. ಕೋಶ ಇಬ್ಭಾಗವಾಗಲು ಬೇಕಾದ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಗಾಲು ಹಾಕುವ ಔಷಧಿ ಅದು. ಅದನ್ನು ತಯಾರಿಸಿದ ಲೆಡರ್ಲಿ ಪ್ರಯೋಗಾಲಯದ ಮುಂದಾಳು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅದೇ 1948ರಲ್ಲಿ ಅವರು ತೀರಿಕೊಂಡರು.

ಹುಟ್ಟಿನ ಲೆಕ್ಕ ಮುಖ್ಯವಲ್ಲ ಅಂತ ನಾನು ಹೇಳ್ತಾ ಇಲ್ಲ. ಆದರೆ ಒಂದು ಅಂಕಿ ನೋಡಿ. ಆರೋಗ್ಯವಂತ ಮನುಷ್ಯನ ಮೂಳೆಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ಮಾಡುತ್ತದೆ. ಬಿಳಿ ಕಣಗಳೂ ಕೋಟಿಗಟ್ಟಲೆ ಹುಟ್ಟುತ್ತವೆ. ಆದರೂ ನಮ್ಮ ರಕ್ತದ ರಿಪೋರ್ಟಿನಲ್ಲಿ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ ಹುಟ್ಟಿದಷ್ಟೇ ದಿನಾ ಹೋಗಬೇಕು. ಅಷ್ಟೊಂದು ಸಾವು ಸದ್ದಿಲ್ಲದೆ, ಜ್ವರ ಬಾರದೆ, ಬಾವು ಬಾರದೆ ಹೇಗೆ ನಡೆಯುತ್ತದೆ?

ಗ್ರೀಕ್ ಮೇಷ್ಟ್ರು ಕೊಟ್ಟ ಪದ

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲಿಯ ಪಿತ್ತಜನಕಾಂಗದಲ್ಲಿ. ಜಾನ್ ಕೆರ್ ಅನ್ನುವ ಆಸ್ಟ್ರೇಲಿಯಾದ ರೋಗಶಾಸ್ತ್ರಜ್ಞರು 1960ರ ದಶಕದಲ್ಲಿ ಇಲಿಗಳ ಲಿವರಿಗೆ ಹೋಗುವ ರಕ್ತನಾಳದ ಕವಲನ್ನು ಕಟ್ಟಿ ಏನಾಗುತ್ತದೆ ಅಂತ ನೋಡುತ್ತಿದ್ದರು. ರಕ್ತ ಸಿಗದ ಕೋಶಗಳು ಊದಿಕೊಂಡು ಒಡೆದು ಸಾಯೋದು ಗೊತ್ತಿದ್ದ ವಿಚಾರ. ಆದರೆ ಅಲ್ಲಲ್ಲಿ ಒಂಟಿ ಕೋಶಗಳು ಊದಿಕೊಳ್ಳುವ ಬದಲು ಮುದುಡಿಕೊಂಡು, ಸಣ್ಣ ಸಣ್ಣ ಉಂಡೆಗಳಾಗಿ, ಅಕ್ಕಪಕ್ಕದ ಕೋಶಗಳ ಹೊಟ್ಟೆ ಸೇರುತ್ತಿದ್ದವು. ಗಲಾಟೆಯೇ ಇಲ್ಲ! 1965ರಲ್ಲಿ ಇದನ್ನವರು ಬರೆದರು. ಹೆಚ್ಚು ಜನ ಗಮನಿಸಲಿಲ್ಲ.

ಆಮೇಲೆ ಅವರು ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋಗಿ ಅಲಾಸ್ಟೇರ್ ಕರಿ ಮತ್ತು ಅವರ ವಿದ್ಯಾರ್ಥಿ ಆಂಡ್ರ್ಯೂ ವೈಲಿ ಜೊತೆ ಸೇರಿದರು. ಈ ಸಾವಿಗೊಂದು ಹೆಸರು ಬೇಕಿತ್ತು. ಅದೇ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮಾಕ್ ಒಂದು ಪದ ಸೂಚಿಸಿದರು: ಅಪೊಪ್ಟೋಸಿಸ್. ಮರದಿಂದ ಎಲೆ, ಹೂವಿನಿಂದ ದಳ ಉದುರುವುದು ಅಂತ ಅರ್ಥ. 1972ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಮೂವರ ಲೇಖನ ಬಂತು. ಗೆಡ್ಡೆ ಬೆಳೆಯೋದು ಕೋಶಗಳ ಹುಟ್ಟಿನಿಂದ ಮಾತ್ರವಲ್ಲ, ಸಾವನ್ನೂ ಎಣಿಸಬೇಕು ಅನ್ನೋ ಮಾತು ಅದರಲ್ಲೇ ಇತ್ತು. ಅದಕ್ಕೂ ಮುಂದಿನ ಹದಿನೈದು ವರ್ಷ ಸಿಕ್ಕ ಗಮನ ತೀರಾ ಕಡಿಮೆ. ಸಾಯೋ ಕೋಶದ ಬಗ್ಗೆ ತಲೆ ಕೆಡಿಸಿಕೊಳ್ಳೋರು ಯಾರು ಹೇಳಿ?

ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಒಂದು ಹುಳುವಿನ ಹಿಂದೆ ಬಿದ್ದವರು ತಲೆ ಕೆಡಿಸಿಕೊಂಡರು. ಸಿಡ್ನಿ ಬ್ರೆನರ್ ಆರಿಸಿಕೊಂಡ ಸಿ. ಎಲಿಗನ್ಸ್ ಅನ್ನೋ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳು ಅದು. ಕೇಂಬ್ರಿಜ್‌ನಲ್ಲಿ ಜಾನ್ ಸಲ್ಸ್ಟನ್ ಸೂಕ್ಷ್ಮದರ್ಶಕದ ಮುಂದೆ ಕೂತು ಅದರ ಒಂದೊಂದೇ ಕೋಶ ಹುಟ್ಟಿ ಇಬ್ಭಾಗವಾಗೋದನ್ನು ಬರೆದಿಟ್ಟರು. ನಮ್ಮಲ್ಲಿ ಹೆಳವರು ವಂಶಾವಳಿ ಬರೆದಿಡುತ್ತಾರಲ್ಲ, ಹಾಗೆ! ಒಟ್ಟು 1090 ಕೋಶಗಳು ಹುಟ್ಟುತ್ತವೆ. ಅದರಲ್ಲಿ 131 ಸಾಯುತ್ತವೆ. ಪ್ರತಿ ಹುಳುವಿನಲ್ಲೂ ಅದೇ 131, ಅದೇ ಜಾಗ, ಅದೇ ಹೊತ್ತು. ಉಳಿಯೋದು 959.

ಇಷ್ಟು ಕರಾರುವಾಕ್ಕಾಗಿ ಸಾಯುತ್ತವೆ ಅಂದರೆ ಅದು ಅಪಘಾತ ಆಗಿರಲಾರದು, ಎಲ್ಲೋ ಬರೆದಿಟ್ಟಿರಬೇಕು. 1986ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹಿಲರಿ ಎಲಿಸ್ ಮತ್ತು ರಾಬರ್ಟ್ ಹಾರ್ವಿಟ್ಸ್ ಆ ಬರಹವನ್ನು ಪತ್ತೆ ಮಾಡಿದರು. ಸೆಡ್-3, ಸೆಡ್-4 ಅನ್ನೋ ಎರಡು ಜೀನುಗಳು. ಇವು ಕೆಟ್ಟರೆ ಸಾಯಬೇಕಾದ ಕೋಶಗಳು ಸಾಯೋದಿಲ್ಲ. ಸಾವಿಗೂ ಜೀನು ಇದೆ!

ಸ್ವಿಚ್ಚು ಸಿಕ್ಕಿಹಾಕಿಕೊಂಡಾಗ

ಈಗ ಕಥೆಯ ಇನ್ನೊಂದು ಎಳೆ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಒಂದು ಬಗೆಯ ಲ್ಯುಕೇಮಿಯಾ ರೋಗಿಗಳಲ್ಲಿ ಮೊಟಕಾದ ಕ್ರೋಮೋಸೋಮ್ ಕಂಡಿದ್ದರು. 1973ರಲ್ಲಿ ಜಾನೆಟ್ ರೌಲಿ ಅದು ಮೊಟಕಾದದ್ದಲ್ಲ, ಎರಡು ಕ್ರೋಮೋಸೋಮುಗಳು ತುಂಡು ಬದಲಾಯಿಸಿಕೊಂಡದ್ದು ಅಂತ ತೋರಿಸಿದರು. ಆಮೇಲೆ ಇಂಥ ಅದಲುಬದಲುಗಳ ಬೇಟೆಯೇ ಶುರುವಾಯಿತು. ಫಾಲಿಕ್ಯುಲರ್ ಲಿಂಫೋಮಾ ಅನ್ನೋ ಬಿ ಕೋಶಗಳ ಕ್ಯಾನ್ಸರಿನಲ್ಲಿ 14 ಮತ್ತು 18ನೇ ಕ್ರೋಮೋಸೋಮುಗಳ ಅದಲುಬದಲು ಪದೇ ಪದೇ ಕಾಣುತ್ತಿತ್ತು. 1984ರಲ್ಲಿ ಯೊಶಿಹಿದೆ ತ್ಸುಜಿಮೊಟೊ, ಕಾರ್ಲೋ ಕ್ರೋಚೆ ಮತ್ತಿತರರು ಆ ಸಂದಿಯಲ್ಲಿದ್ದ ಜೀನನ್ನು ಹಿಡಿದರು. ಹೆಸರು ಬಿಸಿಎಲ್-2.

ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ಕಥೆಯ ಕೀಲಿ ಇಲ್ಲಿದೆ. ಬಿ ಕೋಶದ ಕಸುಬು ಪ್ರತಿಕಾಯ ಮಾಡೋದು. ಅದರ ಒಂದು ಜೀನು 14ನೇ ಕ್ರೋಮೋಸೋಮಿನಲ್ಲಿದೆ. ಆ ಜಾಗದಲ್ಲಿ ಹಗಲೂ ರಾತ್ರಿ ದೀಪ ಉರಿಯುತ್ತಿರುತ್ತದೆ, ಅಷ್ಟು ಜೋರು ಕೆಲಸ. ಬಿಸಿಎಲ್-2 ಇರೋದು 18ರಲ್ಲಿ. ಅಲ್ಲಿ ಅದರ ಸ್ವಿಚ್ಚು ಬೇಕಾದಾಗ ಹತ್ತಿ ಬೇಡವಾದಾಗ ಆರುತ್ತದೆ. ತುಂಡಾಗಿ 14ರ ಪಕ್ಕಕ್ಕೆ ಬಂದು ಕೂತರೆ ಅದೂ ಹಗಲೂ ರಾತ್ರಿ ಉರಿಯತೊಡಗುತ್ತದೆ. ಬಿಸಿಎಲ್-2 ತಯಾರಿಸುವ ಪ್ರೋಟೀನು ಬದಲಾಗಬೇಕಿಲ್ಲ. ಕೆಟ್ಟದ್ದು ಅದರ ಹತೋಟಿ.

ಇದೂ ಉಳಿದವುಗಳ ಹಾಗೆ ಕೋಶಗಳನ್ನು ವೇಗವಾಗಿ ಹುಟ್ಟಿಸುವ ಜೀನೇ ಇರಬೇಕು ಅನ್ನೋದು ಆಗಿನ ಸಹಜ ಊಹೆ. 1988ರಲ್ಲಿ ಮೆಲ್ಬರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಡೇವಿಡ್ ವಾಕ್ಸ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿ, ಸುಝೇನ್ ಕೋರಿ ಮತ್ತು ಜೆರ್ರಿ ಆಡಮ್ಸ್ ಜೊತೆ ಸೇರಿ ಅದನ್ನು ಪರೀಕ್ಷಿಸಿದರು. ಇಲಿಯ ಕೆಲವು ರಕ್ತಕೋಶಗಳಿಗೆ ಇಂಟರ್‌ಲ್ಯುಕಿನ್-3 ಅನ್ನೋ ಪೋಷಕ ಬೇಕೇ ಬೇಕು. ತೆಗೆದರೆ ಸಾಯುತ್ತವೆ. ಇವರು ಅವಕ್ಕೆ ಬಿಸಿಎಲ್-2 ತುಂಬಿ ಪೋಷಕ ತೆಗೆದರು. ಕೋಶಗಳು ಸಾಯಲಿಲ್ಲ. ವಿಚಿತ್ರ ಅಂದರೆ, ಬೆಳೆಯಲೂ ಇಲ್ಲ! ಸುಮ್ಮನೆ ಕೂತಿದ್ದವು. ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಖಾಲಿ ಮಾಡದೆ ಕೂತ ಬಾಡಿಗೆದಾರನ ಹಾಗೆ.

ಕ್ಯಾನ್ಸರಿಗೆ ಎರಡನೇ ದಾರಿಯೊಂದಿದೆ ಅಂತ ಗೊತ್ತಾದ ಕ್ಷಣ ಅದು. ಜೊತೆಗೆ ಈ ದಾರಿ ಎಷ್ಟು ನಿಧಾನದ್ದು ಅಂತಲೂ ಬೇಗ ಗೊತ್ತಾಯಿತು. ಸ್ಟಾನ್ಲಿ ಕೋರ್ಸ್‌ಮೇಯರ್ ಅವರ ಗುಂಪು ಬಿಸಿಎಲ್-2 ಸದಾ ಉರಿಯುವ ಇಲಿಗಳನ್ನು ಮಾಡಿತು. ಮೊದಲು ಬಿ ಕೋಶಗಳು ಗುಂಪುಗೂಡಿದವು ಅಷ್ಟೇ. ಕ್ಯಾನ್ಸರ್ ಬಂದದ್ದು ಬಹಳ ದಿನ ಬಿಟ್ಟು, ಅದೂ ಕೆಲವಕ್ಕೆ. ಆದರೆ ಮೆಲ್ಬರ್ನಿನಲ್ಲಿ ಆಂಡ್ರಿಯಾಸ್ ಸ್ಟ್ರಾಸರ್ ಮತ್ತಿತರರು ಬಿಸಿಎಲ್-2 ಜೊತೆಗೆ ಕೋಶಗಳನ್ನು ವೇಗವಾಗಿ ಹುಟ್ಟಿಸುವ ಮಿಕ್ ಜೀನನ್ನೂ ಕೊಟ್ಟಾಗ ಇಲಿಗಳಿಗೆ ಬಲು ಬೇಗ ಗೆಡ್ಡೆ ಬಂತು. 1992ರಲ್ಲಿ ಜೆರಾರ್ಡ್ ಇವಾನ್ ಮತ್ತಿತರರು ಇದರ ಗುಟ್ಟಿನ ಒಂದು ಭಾಗ ಬಿಡಿಸಿದರು. ಮಿಕ್ ವಿಪರೀತವಾದ ಕೋಶಕ್ಕೆ ಪೋಷಕ ಸಿಗದಿದ್ದರೆ ಅದು ತಾನೇ ಸಾಯುತ್ತದೆ. ಅಂದರೆ ಮಿತಿ ಮೀರಿ ಓಡುವ ಕೋಶಕ್ಕೆ ದೇಹ ಒಳಗೇ ಒಂದು ಸಾವನ್ನು ಕಟ್ಟಿಟ್ಟಿದೆ. ಬಿಸಿಎಲ್-2 ಆ ಗಂಟನ್ನು ಬಿಚ್ಚದಂತೆ ಹಿಡಿಯುತ್ತದೆ.

ಆರೋಗ್ಯವಾಗಿರೋ ಎಷ್ಟೋ ಜನರ ರಕ್ತದಲ್ಲೂ 14-18 ಅದಲುಬದಲಾದ ಕೋಶಗಳು ಬೆರಳೆಣಿಕೆಯಷ್ಟು ಸಿಗುತ್ತವೆ. ಅವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರೋದೇ ಇಲ್ಲ. ಸಾಯದಿರುವುದು ಕ್ಯಾನ್ಸರಿಗೆ ಮೊದಲ ಹೆಜ್ಜೆ ಮಾತ್ರ. ಸಾಯದೆ ಉಳಿದದ್ದರಿಂದ ಉಳಿದ ತಪ್ಪುಗಳನ್ನು ಮಾಡೋಕೆ ಕಾಲಾವಕಾಶ ಸಿಗುತ್ತದೆ.

ಅಂದ ಹಾಗೆ, ಆ ಎರಡು ಎಳೆಗಳು ಸೇರಿದ್ದೂ 1992ರಲ್ಲೇ. ವಾಕ್ಸ್ ಆಗ ಅಮೆರಿಕದಲ್ಲಿದ್ದರು. ಮನುಷ್ಯನ ಬಿಸಿಎಲ್-2 ಜೀನನ್ನು ಹುಳುವಿನೊಳಗೆ ಹಾಕಿ ನೋಡಿದರೆ ಹುಳುವಿನ ಕೋಶಗಳ ಸಾವು ತಪ್ಪಿತು! 1994ರಲ್ಲಿ ಮೈಕೆಲ್ ಹೆಂಗಾರ್ಟ್ನರ್ ಮತ್ತು ಹಾರ್ವಿಟ್ಸ್ ಹುಳುವಿನ ಸೆಡ್-9 ಜೀನು ಬಿಸಿಎಲ್-2ರ ಬಂಧು ಅಂತ ತೋರಿಸಿದರು. ಸೂಜಿಮೊನೆಯಂಥ ಹುಳುವಿಗೂ ನಮಗೂ ಸಾವಿನ ಬರಹ ಒಂದೇ ಲಿಪಿಯಲ್ಲಿದೆ.

ಯಂತ್ರ ಹೀಗಿದೆ. ಕೋಶದೊಳಗಿನ ಮೈಟೋಕಾಂಡ್ರಿಯದ ಪೊರೆಗೆ ತೂತು ಕೊರೆಯೋಕೆ ಬ್ಯಾಕ್ಸ್, ಬ್ಯಾಕ್ ಅನ್ನೋ ಇಬ್ಬರು ಸಿದ್ಧರಾಗಿರುತ್ತಾರೆ. ಬಿಸಿಎಲ್-2 ಅವರ ಕೈ ಹಿಡಿದುಕೊಂಡಿರುತ್ತದೆ. ಡಿಎನ್ಎ ಕೆಟ್ಟಾಗ ಪಿ53 ಅನ್ನೋ ಕಾವಲುಗಾರ ಪ್ಯೂಮಾದಂಥ ದೂತರನ್ನು ಕಳಿಸುತ್ತದೆ. ದೂತರು ಬಂದು ಬಿಸಿಎಲ್-2ಗೆ ಅಂಟಿಕೊಂಡರೆ ಹಿಡಿತ ಸಡಿಲುತ್ತದೆ, ತೂತು ಬೀಳುತ್ತದೆ, ಕಾಸ್ಪೇಸ್ ಅನ್ನೋ ಕತ್ತರಿಗಳು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಹಳೆಯ ಕೀಮೋ ಔಷಧಿಗಳಲ್ಲಿ ಹೆಚ್ಚಿನವು ಕೊನೆಗೆ ಕೆಲಸ ಮಾಡೋದು ಪಿ53ಯನ್ನು ಎಬ್ಬಿಸಿ. ಪಿ53 ಇಲ್ಲದ ಲ್ಯುಕೇಮಿಯಾಕ್ಕೆ ಕೀಮೋ ಯಾಕೆ ನಾಟುವುದಿಲ್ಲ ಅಂತ ಈಗ ಅರ್ಥವಾಯಿತಲ್ಲ?

ಅತ್ತೆಯ ಪ್ರಶ್ನೆ

ನಾನು ಇದನ್ನೆಲ್ಲ ಓದೋಕೆ ಕಾರಣ ನನ್ನ ಸೋದರಮಾವ. ಅರವತ್ತೆಂಟನೇ ವಯಸ್ಸಿನಲ್ಲಿ ಬೇರೇನೋ ತಪಾಸಣೆಗೆ ಹೋದಾಗ ರಕ್ತದಲ್ಲಿ ಬಿಳಿ ಕಣ ಹೆಚ್ಚಾಗಿರೋದು ಗೊತ್ತಾಯಿತು. ಪರೀಕ್ಷೆಗಳಾದ ಮೇಲೆ ಹೆಸರು ಬಂತು: ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಸಿಎಲ್ಎಲ್. ಡಾಕ್ಟರು "ಈಗ ಔಷಧಿ ಏನೂ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ" ಅಂದರು. ಮನೆಯಲ್ಲಿ ಅತ್ತೆಗೆ ಸಿಟ್ಟೋ ಸಿಟ್ಟು. "ಕ್ಯಾನ್ಸರ್ ಅಂತಾರೆ, ಒಂದು ಮಾತ್ರೇನೂ ಬರೆದುಕೊಡಲ್ಲ ಅಂತಾರೆ. ಇದೆಂಥ ಕಾಯಿಲೆನೋ ಹೇಳೋ ನೀನಾದ್ರೂ!"

ಅತ್ತೆಯ ಪ್ರಶ್ನೆಗೆ ಉತ್ತರ ಮೇಲಿನ ಇತಿಹಾಸದಲ್ಲೇ ಇದೆ. ಸಿಎಲ್ಎಲ್ ಮುಖ್ಯವಾಗಿ ಉದುರಲೊಲ್ಲದ ಎಲೆಗಳ ಕಾಯಿಲೆ. ಕೋಶಗಳು ಹುಟ್ಟೋದು ಪೂರ್ತಿ ನಿಂತಿರುವುದಿಲ್ಲ, ಆದರೆ ರಕ್ತದಲ್ಲಿ ಸುತ್ತುವ ಬಹುಪಾಲು ಕೋಶಗಳು ಸುಮ್ಮನಿರುತ್ತವೆ. ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹೀಗೇ ಇರುತ್ತದೆ. ಲಕ್ಷಣಗಳಿಲ್ಲದಾಗ ಔಷಧಿ ಬೇಗ ಶುರು ಮಾಡಿದರೆ ಆಯಸ್ಸು ಹೆಚ್ಚಿದ್ದು ಕಂಡಿಲ್ಲ. ಹಾಗಾಗಿ ಕಾಯುತ್ತಾರೆ.

ಸಿಎಲ್ಎಲ್ ಕೋಶಗಳಲ್ಲಿ ಬಿಸಿಎಲ್-2 ತುಂಬಿ ತುಳುಕುತ್ತದೆ. ಆದರೆ 14-18ರ ಅದಲುಬದಲು ಅಲ್ಲಿ ಅಪರೂಪ. ಹಾಗಿದ್ದರೆ ಸ್ವಿಚ್ಚು ಯಾಕೆ ಆರುತ್ತಿಲ್ಲ? ಮಾವನ ರಿಪೋರ್ಟಿನಲ್ಲಿ "13ಕ್ಯೂ ಡಿಲೀಷನ್" ಅಂತ ಇತ್ತು. ಸಿಎಲ್ಎಲ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಣುವ ಕೊರತೆ ಅದು. 13ನೇ ಕ್ರೋಮೋಸೋಮಿನ ಒಂದು ಚೂರು ಇರೋದಿಲ್ಲ. ಆ ಚೂರಿನಲ್ಲಿ ಯಾವ ಜೀನಿದೆ ಅಂತ ಬಹಳ ವರ್ಷ ಹುಡುಕಿದರು. 2002ರಲ್ಲಿ ಜಾರ್ಜ್ ಕಾಲಿನ್, ಕ್ರೋಚೆ ಮತ್ತಿತರರು ಅಲ್ಲಿ ಕಂಡದ್ದು ಎರಡು ಪುಟ್ಟ ಮೈಕ್ರೋಆರ್‌ಎನ್‌ಎಗಳನ್ನು: ಮಿರ್-15, ಮಿರ್-16. ಇವು ಯಾವ ಪ್ರೋಟೀನನ್ನೂ ಮಾಡೋದಿಲ್ಲ. ಬೇರೆ ಜೀನುಗಳ ಸಂದೇಶಕ್ಕೆ ಅಂಟಿ ಬಾಯಿ ಮುಚ್ಚಿಸುತ್ತವೆ. ಯಾರ ಬಾಯಿ? 2005ರಲ್ಲಿ ಉತ್ತರ ಬಂತು: ಬಿಸಿಎಲ್-2ರದ್ದು! ಚೂರು ಕಳೆದುಹೋದರೆ ಬಾಯಿ ಮುಚ್ಚಿಸುವವರಿಲ್ಲ. ಇದೊಂದೇ ಕಾರಣ ಅಂತಲ್ಲ. ಈ ಮೈಕ್ರೋಆರ್‌ಎನ್‌ಎಗಳು ಕೋಶ ಇಬ್ಭಾಗವಾಗುವುದನ್ನೂ ಹತೋಟಿಯಲ್ಲಿಡುತ್ತವೆ ಅಂತ 2010ರ ಇಲಿಗಳ ಪ್ರಯೋಗ ತೋರಿಸಿತು.

ಮೈಕ್ರೋಆರ್‌ಎನ್‌ಎ ಮೊದಲು ಸಿಕ್ಕಿದ್ದೆಲ್ಲಿ ಗೊತ್ತೇ? 1993ರಲ್ಲಿ, ಅದೇ ಒಂದು ಮಿಲಿಮೀಟರಿನ ಹುಳುವಿನಲ್ಲಿ! ಅದಕ್ಕೆ 2024ರ ನೊಬೆಲ್ ಪಡೆದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇಬ್ಬರೂ ಹಾರ್ವಿಟ್ಸ್ ಅವರ ಪ್ರಯೋಗಾಲಯದಲ್ಲಿ ಪಳಗಿದವರು.

ಹಿಡಿದ ಕೈ ಬಿಡಿಸುವ ಔಷಧಿ

ದೂತರಂತೆ ವೇಷ ಹಾಕಿ ಬಿಸಿಎಲ್-2ಗೆ ಅಂಟಿಕೊಳ್ಳುವ ಅಣುವೊಂದನ್ನು ಮಾಡಿದರೆ ಹೇಗೆ? ಅಬಾಟ್ ಕಂಪನಿಯಲ್ಲಿ ಸ್ಟೀಫನ್ ಫೆಸಿಕ್ ಗುಂಪು ಇದರ ಹಿಂದೆ ಬಿತ್ತು. 2005ರಲ್ಲಿ ಎಬಿಟಿ-737 ಬಂತು. ಆದರೆ ಅದೂ, ಅದರ ತಮ್ಮ ನ್ಯಾವಿಟೋಕ್ಲಾಕ್ಸೂ ಬಿಸಿಎಲ್-2 ಜೊತೆಗೆ ಅದರ ಬಂಧು ಬಿಸಿಎಲ್-ಎಕ್ಸ್ಎಲ್ ಅನ್ನೂ ಹಿಡಿಯುತ್ತಿದ್ದವು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬದುಕಿರೋದೇ ಈ ಬಂಧುವಿನ ಆಸರೆಯಿಂದ ಅಂತ 2007ರಲ್ಲಿ ಮೆಲ್ಬರ್ನಿನವರು ತೋರಿಸಿದ್ದರು. ಔಷಧಿ ಕೊಟ್ಟರೆ ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಮತ್ತೆ ತಿದ್ದಿ ಬಿಸಿಎಲ್-2 ಒಂದನ್ನೇ ಹಿಡಿಯುವ ಅಣು ಮಾಡಿದರು. ಅದೇ ವೆನೆಟೋಕ್ಲಾಕ್ಸ್. 2011ರಲ್ಲಿ ಅದನ್ನು ಮೊದಲು ರೋಗಿಗೆ ಕೊಟ್ಟದ್ದು ಮೆಲ್ಬರ್ನಿನಲ್ಲೇ, ವಾಕ್ಸ್ ಪ್ರಯೋಗ ನಡೆದ ಊರಲ್ಲೇ.

ಔಷಧಿ ಎಷ್ಟು ಜೋರಾಗಿತ್ತು ಅಂದರೆ ಅದೇ ಅಪಾಯವಾಯಿತು. ಒಮ್ಮೆಲೇ ಅಷ್ಟೊಂದು ಕೋಶಗಳು ಸತ್ತು ಅವುಗಳೊಳಗಿನ ಪೊಟ್ಯಾಸಿಯಂ ಇತ್ಯಾದಿ ರಕ್ತಕ್ಕೆ ನುಗ್ಗಿದರೆ ಮೂತ್ರಪಿಂಡ, ಹೃದಯ ತಡೆಯೋದಿಲ್ಲ. ಆರಂಭದ ಪ್ರಯೋಗಗಳಲ್ಲಿ ಇದರಿಂದ ಸಾವುಗಳೂ ಆದವು. ಹಾಗಾಗಿ ಸಿಎಲ್ಎಲ್‌ಗೆ ಈಗ 20 ಮಿಲಿಗ್ರಾಮಿನಿಂದ ಶುರು ಮಾಡಿ ಐದು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ 400ಕ್ಕೆ ಏರಿಸುತ್ತಾರೆ. 2016ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬೇರೆ ಚಿಕಿತ್ಸೆಗಳು ಕೈಕೊಟ್ಟಿದ್ದ 116 ರೋಗಿಗಳಲ್ಲಿ ಶೇ. 79 ಮಂದಿಗೆ ಗುಣ ಕಂಡಿತ್ತು. ಪಿ53 ಕಳೆದುಕೊಂಡವರಲ್ಲೂ ಅದು ನಾಟಿತ್ತು, ಯಾಕೆಂದರೆ ಇದು ಪಿ53ಯನ್ನು ಕಾಯದೆ ಅದರ ದೂತರ ಕೆಲಸವನ್ನು ತಾನೇ ಮಾಡುತ್ತದೆ. ಅದೇ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವಯಸ್ಸಾದವರಲ್ಲಿ ಬರುವ ತೀವ್ರತರದ ಎಎಂಎಲ್ ಲ್ಯುಕೇಮಿಯಾಕ್ಕೂ ಕೊಟ್ಟು ನೋಡಿದರು. 2020ರ ವರದಿಯಂತೆ ಅಜಾಸಿಟಿಡೀನ್ ಒಂದನ್ನೇ ಕೊಟ್ಟವರಲ್ಲಿ ಮಧ್ಯಕ ಆಯಸ್ಸು 9.6 ತಿಂಗಳು, ವೆನೆಟೋಕ್ಲಾಕ್ಸ್ ಜೊತೆಗೆ ಕೊಟ್ಟವರಲ್ಲಿ 14.7 ತಿಂಗಳು. ಐದು ತಿಂಗಳು ಅಂದರೆ ನಮಗೆ ಅಂಕಿ. ಆ ಮನೆಯವರಿಗೆ ಒಂದು ಯುಗಾದಿ ಹೆಚ್ಚು ಸಿಕ್ಕಿರಬಹುದು.

ಕಥೆ ಸುಖಾಂತ ಅಂತ ಹೇಳೋಕಾಗಲ್ಲ. ಬಿಸಿಎಲ್-2ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಔಷಧಿ ಅಂಟದಂತಾಗುವುದನ್ನು 2019ರಲ್ಲಿ ಕಂಡರು. ಇನ್ನು ಕೆಲವು ಕೋಶಗಳು ಎಂಸಿಎಲ್-1 ಅನ್ನೋ ಇನ್ನೊಬ್ಬ ಬಂಧುವಿನ ಮೊರೆ ಹೋಗುತ್ತವೆ.

ನಮ್ಮ ಬೆಂಗಳೂರಿನ ಹೆಸರೂ ಈ ಚರಿತ್ರೆಯಲ್ಲಿದೆ ಅಂತ ಗೊತ್ತಾದಾಗ ಖುಷಿಯಾಯಿತು. ಬಿಸಿಎಲ್-2 ಅದೇ ಜಾಗದಲ್ಲಿ ಪದೇ ಪದೇ ಯಾಕೆ ತುಂಡಾಗುತ್ತದೆ? ಅಲ್ಲಿನ ಡಿಎನ್ಎ ಮಾಮೂಲಿ ಸುರುಳಿಯ ಬದಲು ಬೇರೆ ಆಕಾರ ತಾಳುತ್ತದೆ, ಪ್ರತಿಕಾಯದ ಜೀನು ಕತ್ತರಿಸಬೇಕಾದ ರ‍್ಯಾಗ್ ಅನ್ನೋ ಕಿಣ್ವ ಅಲ್ಲೂ ಕತ್ತರಿ ಹಾಕುತ್ತದೆ ಅಂತ 2004ರಲ್ಲಿ ಅಮೆರಿಕದಿಂದ ಬಂದ ಲೇಖನದ ಮೊದಲ ಹೆಸರು ಸತೀಶ್ ರಾಘವನ್. ಆಮೇಲೆ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅದೇ ಜಾಡು ಮುಂದುವರಿಸಿದರು. 2016ರಲ್ಲಿ ಅವರ ಗುಂಪು ಬಿಸಿಎಲ್-2ಗೆ ಬೇರೊಂದು ಜಾಗದಲ್ಲಿ ಅಂಟುವ ಡಿಸಾರಿಬ್ ಅನ್ನೋ ಅಣುವಿನ ಬಗ್ಗೆ ಪ್ರಕಟಿಸಿತು.

ಯಾರಿಗೆ ಹಾರ

2002ರ ನೊಬೆಲ್ ಬ್ರೆನರ್, ಸಲ್ಸ್ಟನ್, ಹಾರ್ವಿಟ್ಸ್ ಮೂವರಿಗೆ ಬಂತು. ಎಲೆಯುದುರುವುದನ್ನು ಮೊದಲು ಕಂಡು ಹೆಸರಿಟ್ಟ ಕೆರ್, ವೈಲಿ ಅದರಲ್ಲಿರಲಿಲ್ಲ. ವಾಕ್ಸೂ ಇಲ್ಲ. ಮೂವರಿಗೇ ಅನ್ನೋ ನಿಯಮದಲ್ಲಿ ಯಾರೋ ಹೊರಗುಳಿಯಲೇಬೇಕು, ಸರಿ. ನನ್ನನ್ನು ಕಾಡೋದು ಬೇರೆ ವಿಷಯ. ಇಲಿಯ ಲಿವರ್ ನೋಡಿದವರಿಗಾಗಲೀ ಹುಳುವಿನ ಕೋಶ ಎಣಿಸಿದವರಿಗಾಗಲೀ ಲ್ಯುಕೇಮಿಯಾದ ಔಷಧಿ ಕಣ್ಣೆದುರಿಗಿರಲಿಲ್ಲ. "ಇದರಿಂದ ಏನು ಉಪಯೋಗ?" ಅಂತ ಆಗ ಯಾರಾದರೂ ಕೇಳಿದ್ದರೆ ಅವರ ಬಳಿ ಹೇಳೋಕೆ ಏನೂ ಇರುತ್ತಿರಲಿಲ್ಲ. ಎಲ್ಲರೂ ಹುಟ್ಟನ್ನೇ ಎಣಿಸುತ್ತಿದ್ದಾಗ ಇವರು ಸಾವನ್ನು ಎಣಿಸಿದರು ಅಷ್ಟೇ. ಔಷಧಿ ಅಲ್ಲಿಂದ ಬಂತು.

ಕೊನೆಗೊಂದು ತಕರಾರು, ಅದೂ ನಮ್ಮ ಕನ್ನಡದ್ದು. ಅಪೊಪ್ಟೋಸಿಸ್ ಅನ್ನೋದಕ್ಕೆ "ಜೀವಕೋಶಗಳ ಆತ್ಮಹತ್ಯೆ" ಅಂತ ಬರೆಯೋದನ್ನು ನೋಡಿದ್ದೇನೆ. ನನಗ್ಯಾಕೋ ಹಿಡಿಸೋದಿಲ್ಲ. ಆತ್ಮಹತ್ಯೆಯಲ್ಲಿ ದುಃಖ ಇದೆ, ಸೋಲು ಇದೆ. ಇಲ್ಲಿ ಅದೇನೂ ಇಲ್ಲ. ಹೊತ್ತಾಯಿತು, ಜಾಗ ಬಿಡಬೇಕು, ಬಿಡುತ್ತದೆ. ಆ ಗ್ರೀಕ್ ಮೇಷ್ಟ್ರು ಆರಿಸಿದ ಚಿತ್ರ ನಮ್ಮ ಗಾದೆಯಲ್ಲೇ ಇರುವಾಗ ನಾವು ಯಾಕೆ ಬೇರೆ ಕಡೆ ಹುಡುಕಬೇಕು? "ಎಲೆಯುದುರು" ಅಂದರೆ ಆಗದೇ? "ಉದುರುಸಾವು" ಅನ್ನಬಹುದೇ? ನಿಮ್ಮಲ್ಲಿ ಪದ ಕಟ್ಟೋರು ಬಹಳ ಜನ ಇದ್ದೀರಿ. ಒಳ್ಳೆಯದೊಂದು ಹೊಳೆದರೆ ಹೇಳಿ, ಇನ್ನು ಮುಂದೆ ಅದನ್ನೇ ಬಳಸ್ತೀನಿ.